ದಯವಿಟ್ಟು ಸ್ವಲ್ಪ ಕಾಯಿರಿ

“ಭಾವ ಸ್ವಲ್ಪ ಕಡಿಮೆ ಮಾಡಿ ಮೇಡಂ. ಇದು ನಾಟಕ ಅಲ್ಲ, ಆಸ್ಪತ್ರೆ ಫೋನು.”

ಗಾಜಿನಾಚೆ ಕೂತು ರೆಕಾರ್ಡಿಂಗ್ ಮಾಡುತ್ತಿದ್ದವನ ಮಾತು ಹೆಡ್‌ಫೋನಿನಲ್ಲಿ ಕೇಳಿ ಅವಳ ಮುಖ ಚಿಕ್ಕದಾಯಿತು. ಸ್ಟುಡಿಯೊದಲ್ಲಿ ಅವಳಿಗದು ಮೊದಲ ದಿನ.

ಏಳು ವರ್ಷ ರಂಗದ ಮೇಲೆ ಅತ್ತು ನಕ್ಕು, ಕೊನೇ ಸಾಲಿನವರ ಕಣ್ಣಲ್ಲೂ ನೀರು ತರಿಸಿದವಳು. ತಂಡ ಚೂರಾದ ಮೇಲೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಫೋನು, ಲಿಫ್ಟುಗಳಿಗೆ ದನಿ ಕೊಡುವ ಈ ಕೆಲಸ. ಇವತ್ತು ಹೇಳಬೇಕಾದದ್ದು ಇಷ್ಟೇ: “ದಯವಿಟ್ಟು ಸ್ವಲ್ಪ ಕಾಯಿರಿ. ನಿಮ್ಮ ಕರೆಯನ್ನು ಬೇಗನೆ ಸ್ವೀಕರಿಸುತ್ತೇವೆ.”

ಅದಕ್ಕೂ ಭಾವ ಹೆಚ್ಚಾಯಿತಂತೆ...

ಉಪ್ಪೂ ಇಲ್ಲದೆ ಖಾರವೂ ಇಲ್ಲದೆ ಮತ್ತೊಮ್ಮೆ ಓದಿದಳು.

“ಸರಿ,” ಎಂದ. ಅಷ್ಟೇ.

ಸ್ಟುಡಿಯೊದವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಮೌನಿ ಎಂದು. ಅವಳೂ ಹಟಕ್ಕೆ ಬಿದ್ದು ಮೌನಿಯಾದಳು. ಆದರೆ ಮೂರು ತಿಂಗಳಲ್ಲಿ ಏನೋ ಎಡವಟ್ಟಾಗಿತ್ತು... ಹೆಡ್‌ಫೋನ್ ಹಾಕಿಕೊಂಡರೆ ಸಾಕು, ಆ ಒಂದು ‘ಸರಿ’ಗಾಗಿ ಜೀವ ಹಾತೊರೆಯುತ್ತಿತ್ತು. ಕಿವಿಯೊಳಗೇ ಬಂದು ಮಾತಾಡುವವನು ಎದುರಿಗೆ ಸಿಕ್ಕರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ.

‘ನನ್ನ ದನಿಯೇ ಬೇಡವಾದವನಿಗೆ ನಾನು ಬೇಕಾಗುತ್ತೇನೆಯೇ?’

ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಮಾಲೀಕರಿಗೆ ಹೇಳಿಯೂ ಆಯಿತು. ಅಕ್ಕನ ಬಟ್ಟೆ ಅಂಗಡಿಯಲ್ಲಿ ಕೂತರಾಯಿತು.

ಕೊನೆಯ ವಾರ. ಅಮ್ಮನ ಮಂಡಿನೋವಿಗೆ ಡಾಕ್ಟರನ್ನು ಕೇಳಲು ಅದೇ ಆಸ್ಪತ್ರೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಕೇಳಿಸಿದ್ದು ತನ್ನದೇ ದನಿ. ಆದರೆ ಸಪ್ಪೆಯದಲ್ಲ! ‘ಸ್ವಲ್ಪ’ ಎಂಬಲ್ಲಿ ತುಸು ಬಾಗಿದ, ಅವನು ಬೇಡವೆಂದಿದ್ದ ಆ ಮೊದಲನೆಯದು.

“ಯಾರೋ ಪಾಪ, ಎಷ್ಟು ಅಕ್ಕರೆಯಿಂದ ಹೇಳ್ತಾಳೆ. ಕಾಯೋಣ ಬಿಡು,” ಎಂದರು ಅಮ್ಮ.

“ಅದು ನಾನೇ ಅಮ್ಮಾ.”

“ನೀನಾ? ಮನೇಲಿ ಹೀಗೆ ಮಾತಾಡಿದ್ದು ನಾನು ಕೇಳೇ ಇಲ್ವಲ್ಲೇ!”

ಅರ್ಧ ಗಂಟೆಯಲ್ಲಿ ಅವಳು ಅವನೆದುರು ನಿಂತಿದ್ದಳು. ನಡುವೆ ಗಾಜಿರಲಿಲ್ಲ.

“ಆಸ್ಪತ್ರೆಗೆ ಯಾವುದನ್ನ ಕಳಿಸಿದ್ರಿ?”

ಅವನು ತಲೆ ತಗ್ಗಿಸಿದ. “ಅವರು ಸಪ್ಪೆಯದೇ ಬೇಕು ಅಂದಿದ್ರು, ಅದಕ್ಕೇ ಹಾಗೆ ಓದಿಸಿದೆ. ಕಳಿಸೋವಾಗ ಮನಸ್ಸು ಬರಲಿಲ್ಲ... ಮೊದಲನೇದನ್ನೇ ಕಳಿಸಿ ಬೈಸಿಕೊಂಡೆ. ಆಮೇಲೆ ಅಲ್ಲಿ ಫೋನ್ ಎತ್ತೋ ಹುಡುಗಿನೇ, ಇದು ಬಂದ್ಮೇಲೆ ಜನ ಕೂಗಾಡೋದು ಕಮ್ಮಿಯಾಗಿದೆ, ತೆಗೀಬೇಡಿ ಅಂದ್ಳಂತೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀವು ಮಾತಾಡಿಸಿದ್ರೆ ತಾನೆ? ನಾನೂ ಹಾಡಿಗೆ ಸಂಗೀತ ಮಾಡ್ತೀನಿ ಅಂತ ಬಂದವನೇ. ಈಗ ಮಾಡೋದು ಫೋನ್ ಕಾಯೋವಾಗಿನ ಟ್ಯೂನು. ನೀವು ಬಂದ್ಮೇಲೆ ಇದೂ ಒಂದು ಕೆಲಸ ಅನ್ನಿಸ್ತಿದೆ.”

ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. “ನೂರಾರು ಜನ ನನ್ನನ್ನ ನೋಡ್ಬೇಕು ಅಂತಿತ್ತು ನಂಗೆ. ಇವತ್ತು ಫೋನಲ್ಲಿ ನನ್ನ ದನಿ ಕೇಳಿ ಅಮ್ಮ ಒಬ್ಬಳು ಕಾದ್ಲು... ಅಷ್ಟು ಸಾಕು ಅಂತಲ್ಲ. ಆದ್ರೆ ಅದು ಸಣ್ಣದಲ್ಲ ಅನ್ನಿಸ್ತು.”

“ಬಿಟ್ಟು ಹೋಗಬೇಡಿ,” ಎಂದ ಮೆಲ್ಲನೆ.

“ಸ್ಟುಡಿಯೊನಾ? ನಿಮ್ಮನ್ನಾ?”

“ಎರಡನೇದು... ಮೊದಲನೇದು ನಿಮ್ಮಿಷ್ಟ.”

“ಎರಡೂ ಬಿಡಲ್ಲ,” ಎಂದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

ಅಷ್ಟರಲ್ಲಿ ಮಾಲೀಕರು ತಲೆ ತೂರಿಸಿ, ಲಿಫ್ಟ್ ಕಂಪನಿಯವರ ಕೆಲಸ ಮುಗಿಸಿ ಎಂದರು. ಅವಳು ಒಳಗೆ ಹೋಗಿ, ನೀರು ಕುಡಿದು, ಮೊದಲನೇ ಮಹಡಿಯಿಂದ ಒಂಬತ್ತನೇ ಮಹಡಿಯವರೆಗೆ ಒಂದೊಂದನ್ನೂ ಯಾರನ್ನೋ ಕೈಹಿಡಿದು ಕರೆದೊಯ್ಯುವಂತೆ ಓದಿದಳು.

ಅವನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾ ಕೂತಿದ್ದ. ರೆಕಾರ್ಡ್ ಗುಂಡಿ ಒತ್ತುವುದನ್ನೇ ಮರೆತಿದ್ದ.