ಎರಡರ ಜಾಗದಲ್ಲಿ ಮೂರು

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ದಾದಾಪೀರನ ಮೊಬೈಲ್ ಅಂಗಡಿ. ಗಾಜಿನ ಮೇಲೆ ಅವನೇ ಬರೆಸಿದ ಸಾಲು: ‘ಯಾವುದರಿಂದ ಯಾವುದಕ್ಕಾದರೂ ಡೇಟಾ ಹಾಕಿಕೊಡಲಾಗುವುದು.’ ಆ ಸೋಮವಾರ ಮುಂಜಾನೆ ಇರ್ಫಾನಾ ಮೆಟ್ಟಿಲು ಹತ್ತಿ ಬಂದಳು. ಅವಳ ಮುಖ ನೋಡಿದ ಮೇಲೆ ಆ ಸಾಲನ್ನು ಉಗುರಿನಿಂದಲೇ ಕೆರೆದು ತೆಗೆಯಬೇಕೆನಿಸಿತು ಅವನಿಗೆ.

“ಜಿಪಿಎಸ್ ಹೋತು ಭಾಯ್,” ಅಂದಳು. “ದೇಶನೂರಾಗ ಒಬ್ಬ ಯಜಮಾನ್ರು ಕಸ್ಕೊಂಡ್ರು. ಗಣಿಯವ್ರು ಗದ್ದಿ ಅಳ್ಯಾಕ ಕಳ್ಸ್ಯಾರ ಅಂತ ತಿಳ್ಕೊಂಡ್ರು. ಆಳುಮಂದಿ ಎದುರಿಗೆ ಮೊಣಕಾಲತನ ಕೆಸರಾಗ ನಿಂತಿದ್ದೆ.”

“ದೇಶನೂರಿಗೆ ಯಾಕ ಹೋಗಿದ್ರಿ?”

“ಮಷೀನಿನ ಬಾಣ ತೋರಿಸ್ತು, ಹೋದೆ. ಫೋನ್ ಅಷ್ಟೊತ್ತಿಗೆ ಸತ್ತಿತ್ತು. ನಾನೇ ಏನೋ ತಪ್ಪು ಓದೀನಿ. ಸರ್ವೇ ಆಫೀಸಿನಾಕಿ ಅಂತ ಹೇಳ್ಕೊಳ್ಳಾಕ ನಾಚಿಕಿ ಆಗ್ತದ.”

ಊರೆಲ್ಲ ಅದಿರಿನ ಹಿಂದೆ ಬಿದ್ದಿದ್ದ ಕಾಲವದು. ಇರ್ಫಾನಾ ಕೆಲಸ ಮಾಡುತ್ತಿದ್ದ ಖಾಸಗಿ ಆಫೀಸು ಗಣಿಗಳ ಗಡಿ ಗುರುತಿಸುತ್ತಿತ್ತು. ಅಲ್ಲಿನ ಕೈಹಿಡಿಯ ಜಿಪಿಎಸ್ಸನ್ನು ಭಾನುವಾರಕ್ಕೆಂದು ಮನೆಗೆ ತರುತ್ತಿದ್ದಳು, ಒಂದು ಆಟಕ್ಕಾಗಿ. ಜಿಯೋಕ್ಯಾಚಿಂಗ್ ಅಂತ ಅದರ ಹೆಸರು. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಜಾಗದ ಅಕ್ಷಾಂಶ, ರೇಖಾಂಶಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಹುಡುಕಿದವರು ಒಳಗಿನ ಚೀಟಿಯಲ್ಲಿ ಹೆಸರು ಬರೆದು ಡಬ್ಬಿಯನ್ನು ಅಲ್ಲೇ ಇಡಬೇಕು. ಆ ಅಂಕಿಗಳ ಫೈಲುಗಳು ಅವಳ ಫೋನಿನಲ್ಲಿದ್ದವು. ಫೋನು ಮಧ್ಯಾಹ್ನಕ್ಕೇ ಮಲಗುತ್ತಿತ್ತು. ಜಿಪಿಎಸ್ ಎರಡು ಪೆನ್ಸಿಲ್ ಸೆಲ್ಲಿನಲ್ಲಿ ದಿನವಿಡೀ ಓಡುತ್ತಿತ್ತು. ಅದಕ್ಕೇ ಫೈಲುಗಳನ್ನು ಜಿಪಿಎಸ್ಸಿಗೆ ಹಾಕಿಕೊಡಿ ಅಂತ ಶನಿವಾರ ಫೋನು, ಜಿಪಿಎಸ್ ಎರಡನ್ನೂ ಅವನ ಮುಂದಿಟ್ಟಿದ್ದಳು.

“ಹತ್ತು ನಿಮಿಷದ ಕೆಲಸ, ಕುಂದರ್ರಿ,” ಅಂದಿದ್ದ ದಾದಾಪೀರ್. ಅವಳು ಬಂದು ಸ್ಟೂಲಿನ ಮೇಲೆ ಕೂರಲಿ ಅಂತ ಎರಡು ತಿಂಗಳಿಂದ ಕಾದವನು ಇನ್ನೇನು ಹೇಳಿಯಾನು. ಕೇಬಲ್ ಹಾಕಿದ. ಫೋನು ಜಿಪಿಎಸ್ಸಿನ ಗುರುತೇ ಹಿಡಿಯಲಿಲ್ಲ. ತೆಗೆದ, ಊದಿದ, ಮತ್ತೆ ಹಾಕಿದ. ‘ನನಗೆ ಬರೋದಿಲ್ಲ’ ಅನ್ನಲು ಮನಸ್ಸಾಗಲಿಲ್ಲ. ಕೊನೆಗೆ ಫೋನಿನಲ್ಲಿದ್ದ ಹನ್ನೊಂದು ಜಾಗಗಳ ಅಂಕಿಗಳನ್ನು ಕೌಂಟರಿನ ಕೆಳಗೆ ಚೀಟಿಯಲ್ಲಿ ಬರೆದುಕೊಂಡು, ಒಂದೊಂದಾಗಿ ಜಿಪಿಎಸ್ಸಿಗೆ ಹೊಡೆದ. ಅವಳು ಚಹಾ ಬಸಿಗೆ ಸುರಿದುಕೊಂಡು ಊದುತ್ತಿದ್ದಳು. ನಡುವೆ ಒಮ್ಮೆ ಕಣ್ಣೆತ್ತಿ ನೋಡಿ, ಸುಮ್ಮನೆ ನಕ್ಕಿದ್ದಳು. ಅದೇ ಅವನ ತಲೆ ಕೆಡಿಸಿತ್ತು.

ಈಗ ಅವಳ ಫೋನ್ ಇಸಕೊಂಡು ಆ ಚೀಟಿಯ ಜೊತೆ ತಾಳೆ ನೋಡಿದ. ಏಳನೆಯ ಜಾಗ ಕುರುಗೋಡಿನ ಗುಡ್ಡದ್ದು. ಎರಡು ಇರಬೇಕಾದಲ್ಲಿ ಮೂರು ಬರೆದಿದ್ದ. ಚೀಟಿಯನ್ನು ಜೇಬಿಗೆ ತುರುಕಿದ.

“ನಾಳೆ ಸಾಹೇಬ್ರು ಬರ್ತಾರ. ಮಷೀನ್ ಇಲ್ಲಾಂದ್ರ ನನ್ನ ನೌಕರಿ ಉಳ್ಯಾದಿಲ್ಲ,” ಅಂದಳು ಇರ್ಫಾನಾ.

“ನಾನೂ ಬರ್ತೀನಿ. ಮಾತಾಡೋಣು,” ಅಂದ. ಅಷ್ಟೇ ಅಂದ, ಹೇಡಿ.

ಸಿರುಗುಪ್ಪದ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಇವನು ಹಿಂದೆ. ಮೋಕ ದಾಟಲಿ, ಹೇಳುತ್ತೇನೆ ಅಂದುಕೊಂಡ. ಮೋಕ ದಾಟಿತು. ಸಿರುಗುಪ್ಪದಲ್ಲಿ ಇಳಿದು ದೇಶನೂರಿನ ಟಂಟಂ ಆಟೋ ಹತ್ತುವಾಗ ಹೇಳುತ್ತೇನೆ ಅಂದುಕೊಂಡ. ಅವಳೇ ತಿರುಗಿ, “ನನ್ನಿಂದ ನಿಮಗೂ ಅಂಗಡಿ ಮುಚ್ಚಂಗಾತು,” ಅಂದಳು. ಆ ಮಾತಿಗಿಂತ ಒಂದು ಏಟು ಕೊಟ್ಟಿದ್ದರೆ ಹಗುರವಾಗುತ್ತಿತ್ತು.

ಜಿಪಿಎಸ್ ಕಸಿದುಕೊಂಡಿದ್ದ ಯಜಮಾನ ಉಜ್ಜಿನಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅದು ಅವನ ಪಕ್ಕದ ಗೋಡೆಯ ಮಾಡದಲ್ಲಿತ್ತು. ಮನೆಯನ್ನೂ ಅಳೆದೀತು ಅಂತ ಸೆಲ್ಲು ತೆಗೆದು ಬೇರೆ ಇಟ್ಟಿದ್ದ.

“ಯಾವ ಕಂಪನಿಯಾಕಿವ್ವ ನೀನು? ಖರೇ ಹೇಳು,” ಅಂದ. “ನಟ್ಟ ಭತ್ತ ತುಳ್ಕೊಂತ ಬಂದಿ.”

ಇರ್ಫಾನಾ ತಲೆ ತಗ್ಗಿಸಿದಳು. “ಕಂಪನಿ ಕಳ್ಸಿಲ್ರಿ ಯಜಮಾನ್ರ. ನಂದೇ ತಪ್ಪು. ನೋಡದ ಬಂದೆ.”

ದಾದಾಪೀರನಿಗೆ ಇನ್ನು ತಡೆಯಲಾಗಲಿಲ್ಲ. ಜೇಬಿನ ಚೀಟಿ ತೆಗೆದು ಉಜ್ಜಿನಪ್ಪನ ಮುಂದೆ ಇಟ್ಟ.

“ಅಕಿದು ತಪ್ಪಿಲ್ರಿ. ನಂದು ಮೊಬೈಲ್ ಅಂಗಡಿ. ಫೈಲ್ ಹಾಕಾಕ ನನಗ ಬರ್ಲಿಲ್ಲ. ಬರ್ತೈತಿ ಅಂತ ಸುಳ್ಳು ಹೇಳಿ, ಕೈಲೆ ಅಂಕಿ ಹೊಡ್ದೆ. ಇಲ್ಲಿ ನೋಡ್ರಿ, ಎರಡರ ಜಾಗದಾಗ ಮೂರು ಬಿದ್ದೈತಿ. ಕುರುಗೋಡಿಗೆ ಹೋಗಬೇಕಾದಾಕಿ ನಿಮ್ಮ ಗದ್ದಿಗೆ ಬಂದ್ಲು. ಮುಂಜಾನೇನ ಗೊತ್ತಾಗಿತ್ತು. ಇಲ್ಲಿತನ ಬಾಯಿ ಬಿಡ್ಲಿಲ್ಲ.”

ಇರ್ಫಾನಾ ತಿರುಗಿ ನೋಡಿದ್ದು ಗೊತ್ತಾಯಿತು. ಅವಳತ್ತ ನೋಡುವ ಮುಖ ಇರಲಿಲ್ಲ.

“ಎರಡಕ್ಕೂ ಮೂರಕ್ಕೂ ಫರಕು ತಿಳೀದವ ಅಂಗಡಿ ಹೆಂಗ ನಡಸ್ತಿಪಾ?” ಅಂದ ಉಜ್ಜಿನಪ್ಪ.

“ಬ್ಯಾರೆ ದಿನ ತಿಳೀತೈತ್ರಿ,” ಅಂದ ದಾದಾಪೀರ್, ನೆಲ ನೋಡುತ್ತ. “ಅವತ್ತು ಅಕಿ ಎದುರಿಗೆ ಕುಂತಿದ್ಲು.”

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ತಿಳಿಯಿತು. ನೆಲ ಬಿರಿದಿದ್ದರೆ ಇಳಿದುಬಿಡುತ್ತಿದ್ದ. ಬಾಗಿಲಲ್ಲಿ ಮಜ್ಜಿಗೆ ಹಿಡಿದು ನಿಂತಿದ್ದ ಉಜ್ಜಿನಪ್ಪನ ಹೆಂಡತಿ ಸಾವಂತ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಕೊಟ್ಟು ಕಳಸ್ರಿ, ಪಾಪ. ಹುಡುಗನ ಮಾರಿ ಸುಟ್ಟ ಬದನಿಕಾಯಿ ಆಗೈತಿ.”

ಉಜ್ಜಿನಪ್ಪ ಮೀಸೆಯೊಳಗೇ ನಕ್ಕು ಜಿಪಿಎಸ್ ಕೊಟ್ಟ. ಸೆಲ್ಲುಗಳನ್ನು ಮಾತ್ರ ಊರು ದಾಟಿದ ಮೇಲೆ ಹಾಕಿಕೊಳ್ಳಬೇಕೆಂದು ಮಾತು ತೆಗೆದುಕೊಂಡ.

ಇರ್ಫಾನಾ ಮುಂದೆ ಮುಂದೆ ನಡೆದು ರಸ್ತೆಗೆ ಬಂದಳು. ಬೇವಿನ ಮರದ ಕೆಳಗೆ ಟಂಟಂಗೆ ಕಾಯುತ್ತ ನಿಂತರು. ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತು.

“ರಾತ್ರಿಯೆಲ್ಲ ನನ್ನನ್ನ ನಾನೇ ಬೈಕೊಂಡೀನಿ,” ಅಂದಳು ಇರ್ಫಾನಾ. “ಸುಳ್ಳು ಹೇಳಿದ್ದಕ್ಕ ಸಿಟ್ಟು ಬಂದೈತಿ. ಇನ್ನೂ ಇಳ್ದಿಲ್ಲ.”

“ಇಳಿಯಾದು ಬ್ಯಾಡ್ರಿ,” ಅಂದ. “ನನಗದು ಸಲ್ಲಬೇಕಾದ್ದೇ. ಸರಿಯಾದ ಕೇಬಲ್ ಹೈದರಾಬಾದಿನಿಂದ ತರಿಸ್ತೀನಿ. ಕಲೀತೀನಿ. ಅಲ್ಲಿತನ ನಿಮ್ಮ ಮಷೀನ್ ಮುಟ್ಟಾದಿಲ್ಲ.”

ಅವಳು ದುಪಟ್ಟಾದ ಅಂಚಿನಿಂದ ಜಿಪಿಎಸ್ಸಿನ ಗಾಜು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಕುರುಗೋಡಿನ ಡಬ್ಬಿ ಇನ್ನೂ ಅಲ್ಲೇ ಐತಿ, ದಾದಾಪೀರ್.”

ಭಾಯ್ ಅನ್ನಲಿಲ್ಲ. ಅವನು ಮೊದಲ ಸಲ ತಲೆಯೆತ್ತಿದ.

“ಶನಿವಾರ ಅಂಗಡಿಗೆ ಬರ್ತೀನಿ,” ಅಂದಳು, ದೂರದ ಟಂಟಂ ಕಡೆ ನೋಡುತ್ತ. “ಅಂಕಿ ನಾನು ಹೊಡೀತೀನಿ. ನೀವು ನೋಡ್ಕೊಂತ ಕುಂದರ್ರಿ.”