ಹೊಡೆದುಹಾಕಿದ ಏಳನೇ ಪ್ರಶ್ನೆ

ಕೋರ್ಟಿಗೆ ಹೋದರೆ ಎಂಟು ವರ್ಷ, ಇಬ್ಬರು ವಕೀಲರು, ಕೊನೆಗೆ ಅರ್ಧ ಮನೆ. ಚರ್ಚಿನ ರಾಜಿಗೆ ಮೂರು ಮಧ್ಯಾಹ್ನ, ಹನ್ನೆರಡು ಪ್ರಶ್ನೆಗಳ ಒಂದು ಹಾಳೆ, ಒಂದು ಮೇಣದಬತ್ತಿ. ರಾಜಿ ಮಾಡಿಸಲು ಹೊಸದಾಗಿ ನೇಮಕಗೊಂಡವನಿಗೆ ಈ ಲೆಕ್ಕ ಬಹಳ ಹಿಡಿಸಿತು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕಾರ್ಮಿಕರ ಜಗಳ ಬಿಡಿಸಿ ನಿವೃತ್ತನಾದವನು. ಎಲ್ಲರ ಬಾಯಲ್ಲೂ ಇನ್ನೂ ಆಫೀಸರ್. ಹಾಳೆಯ ಮೇಲೆ ಕಣ್ಣಾಡಿಸುತ್ತ ಏಳನೆಯದಕ್ಕೆ ಬಂದಾಗ ಅವನಿಗೆ ನಗು ಬಂತು. ‘ಎದುರು ಪಕ್ಷದವರ ಮೇಲೆ ಮಾಟ ಮಾಡಿಸಿದ್ದೀರಾ? ಮಾಡಿಸಿದ್ದರೆ ಮೊದಲು ತೆಗೆಸಿ ಬನ್ನಿ.’

ಪೆನ್ನು ತೆಗೆದು ಅಡ್ಡಗೆರೆ ಎಳೆದ.

“ಅದೊಂದು ಬಿಡಬೇಡಿ ಸಾರ್,” ಎಂದಳು ಬೆಂಚು ಒರೆಸುತ್ತಿದ್ದ ಮುದುಕಿ.

“ಯಾಕಜ್ಜಿ, ದೆವ್ವಕ್ಕೂ ಒಂದು ನೋಟಿಸ್ ಕಳಿಸ್ಲಾ?”

“ಜಗಳ ಇರೋವರೆಗೂ ಅದಕ್ಕೊಂದು ಮನೆ ಇರುತ್ತೆ. ಜಗಳ ಮುಗಿದ್ಮೇಲೆ ಅದೆಲ್ಲಿಗೆ ಹೋಗ್ಬೇಕು? ರಾಜಿ ಮಾಡ್ಸಿದೋರ ಕೈ ಹತ್ರದಲ್ಲೇ ಇರುತ್ತಲ್ಲ.”

“ಕೈ ತೊಳ್ಕೋತೀನಿ ಬಿಡಿ.”

ಮುದುಕಿ ಬಟ್ಟೆ ಹಿಂಡಿ, ಬಕೆಟ್ ಎತ್ತಿಕೊಂಡು ಹೊರಗೆ ಹೋದಳು.

ಜಗಳ ಒಬ್ಬ ಅಕ್ಕನದು, ಒಬ್ಬ ತಮ್ಮನದು. ಅಕ್ಕ ದರ್ಜಿ, ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ವರ್ಷ ನೋಡಿಕೊಂಡವಳು. ತಮ್ಮ ಗಡಿಯಾರ ರಿಪೇರಿಯವನು. ಏಳೆಂಟು ವರ್ಷದ ಹಿಂದೆ, ತಾಯಿಯ ಮಣ್ಣು ಮುಗಿದ ಮಾರನೇ ದಿನ ಮನೆಯ ಬೀಗ ಬದಲಿಸಿ, ಬಾಗಿಲಲ್ಲಿ ನಿಂತ ಅಕ್ಕನನ್ನು ‘ನೀನ್ಯಾರು?’ ಎಂದು ಕೇಳಿದ್ದ. ಚರ್ಚಿನ ಪದ್ಧತಿಯಂತೆ ಮೊದಲ ಮಧ್ಯಾಹ್ನ ಇಬ್ಬರೇ ಕೂತು ಮಾತಾಡಿದ್ದರು, ಎರಡನೆಯದು ಇಬ್ಬರು ಹಿರಿಯರ ಮುಂದೆ. ಮೂರನೆಯದು ಆಫೀಸರನ ಎದುರು.

ಚರ್ಚಿನ ಹಿಂದಿನ ಕೋಣೆ. ಎತ್ತರದಲ್ಲಿ ಒಂದೇ ಕಿಟಕಿ. ತೇವ ಹೀರಿದ ಮರದ ವಾಸನೆ, ಕರಗಿದ ಮೇಣದ ವಾಸನೆ.

“ಮನೇಲಿ ಅರ್ಧ ಅವಳಿಗೆ ಬರೆದುಕೊಡ್ತೀನಿ,” ಎಂದ ತಮ್ಮ. ಮುಖ ಬತ್ತಿಹೋಗಿತ್ತು. “ನಾನಂತೂ ಅಲ್ಲಿಲ್ಲ. ಏಳು ವರ್ಷದಿಂದ ಅಂಗಡೀಲೇ ಮಲಗೋದು. ಒಂದಿನ ಬೆಳಿಗ್ಗೆ ಹೆಂಡ್ತಿ ನನ್ನ ನೋಡಿ ಕಿರುಚಿದ್ಲು. ಮಗಳು ಕೇಳಿದ್ಲು, ‘ಯಾರಮ್ಮ ಈ ಅಂಕಲ್’ ಅಂತ.”

ಆಫೀಸರ್ ಬರೆದುಕೊಂಡ: ಪತ್ನಿಯೊಡನೆ ಮನಸ್ತಾಪ.

ಆರನೇ ಪ್ರಶ್ನೆ ಆಯಿತು. ನೇರ ಎಂಟನೆಯದು. ಅಕ್ಕ ತಲೆ ಎತ್ತಿದಳು.

“ಸಾರ್, ನಡುವೆ ಒಂದಿತ್ತಲ್ಲ... ನಾನೊಂದು ಹೇಳ್ಬೇಕು. ನಾನೊಂದು ಮಾಡ್ಸಿ...”

“ತಾಯೀ, ಹಾಳೇಲಿ ಇರೋದಕ್ಕೆ ಮಾತ್ರ ಉತ್ತರ ಕೊಡಿ. ಹಳೇದೆಲ್ಲ ಕೆದಕ್ತಾ ಕೂತ್ರೆ ಬೆಳಗಾಗುತ್ತೆ.”

ಅವಳು ಉಳಿದ ಪ್ರಶ್ನೆಗಳಿಗೆ ಉತ್ತರಿಸಿದಳು. ಸಹಿಗಳಾದವು. ಅಕ್ಕ ಕೈ ಚಾಚಿದಳು, ತಮ್ಮ ಹಿಡಿದುಕೊಂಡ. ಅವೆರಡರ ಮೇಲೆ ಆಫೀಸರ್ ತನ್ನ ಕೈಯಿಟ್ಟು ಪದ್ಧತಿಯ ಮಾತು ಹೇಳಿದ: “ಇದಕ್ಕೆ ನಾನು ಸಾಕ್ಷಿ.”

ಮೇಣದಬತ್ತಿಯ ಜ್ವಾಲೆ ಮಲಗಿತು. ಗಾಳಿಯಿರಲಿಲ್ಲ. ಸುಟ್ಟ ಕೂದಲಿನ ವಾಸನೆ ಬಂತು. ಆಫೀಸರನ ಅಂಗೈಯೊಳಗೆ ಏನೋ ತಣ್ಣಗೆ ಹರಿದು ಮೊಣಕೈ ಏರಿತು, ಎದೆಗಿಳಿಯಿತು, ಅಲ್ಲೇ ಕೂತಿತು.

ತಮ್ಮನ ಫೋನು ರಿಂಗಾಯಿತು. ಎಳೆಯ ದನಿಯೊಂದು ಕೋಣೆಗೆಲ್ಲ ಕೇಳಿಸಿತು. “ಅಪ್ಪಾ, ಎಲ್ಲಿದೀಯ? ಮನೆಗೆ ಬಾ.” ಆತ ಮೇಜಿಗೆ ಹಣೆಯಿಟ್ಟು ಅತ್ತ. ಅಕ್ಕ ಮಾತ್ರ ಬಿಳಿಚಿಕೊಂಡು ಆಫೀಸರನ ಮುಖವನ್ನೇ ನೋಡುತ್ತಿದ್ದಳು.

ಸಂಜೆ ಆಫೀಸರ್ ಶಿಳ್ಳೆ ಹಾಕುತ್ತ ಮನೆಗೆ ಬಂದು ಬೆಲ್ ಒತ್ತಿದ. ಬಾಗಿಲು ಸರಪಳಿಯಷ್ಟೇ ತೆರೆಯಿತು. ಹೆಂಡತಿಯ ಒಂದು ಕಣ್ಣು.

“ಯಾರು ಬೇಕಿತ್ತು?”

“ತಮಾಷೆ ಸಾಕು ಮಾರಾಯ್ತಿ, ಕಾಲು ನೋಯ್ತಿದೆ.”

ಕಣ್ಣು ಕಿರಿದಾಯಿತು. ಅದರಲ್ಲಿ ಸಿಟ್ಟಿಲ್ಲ, ಹುಸಿಮುನಿಸಿಲ್ಲ. ಭಯ ಇತ್ತು. ಅವನು ಅವಳ ಹೆಸರು ಹೇಳಿದ. ಬೆನ್ನ ಮೇಲಿನ ಮಚ್ಚೆ ಹೇಳಿದ. ಭಯ ಹೆಚ್ಚಿತು. ಮಗಳು ಬಂದಳು. ಅವಳ ಕೈಯಲ್ಲಿ ಲಟ್ಟಣಿಗೆ. “ಹೋಗ್ತೀರಾ, ಪೊಲೀಸರನ್ನ ಕರೀಲಾ?” ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಒಳಗೆ ಹೆಂಡತಿ ಅಳುತ್ತಿದ್ದಳು. ಅವನು ಓಡಿದ. ಬೀದಿ ಓಡಿತು. ಎದೆಯೊಳಗಿನ ತಣ್ಣನೆಯದು ಕದಲಲಿಲ್ಲ.

ದರ್ಜಿ ಅಂಗಡಿಯಲ್ಲಿ ಅಕ್ಕ ಕಾದು ಕೂತಿದ್ದಳು. ಹೊಲಿಗೆ ಮಷಿನ್ನಿನ ಮೇಲೆ ಕೂದಲು ಸುತ್ತಿದ ಬೆರಳುದ್ದದ ಬಟ್ಟೆಬೊಂಬೆ.

“ತಮ್ಮ ನನ್ನನ್ನ ‘ನೀನ್ಯಾರು’ ಅಂದ್ನಲ್ಲ, ಅವನ ಮನೆಯೋರೂ ಅವನನ್ನ ಹಾಗೇ ಕೇಳ್ಲಿ ಅಂತ ಮಾಡ್ಸಿದ್ದೆ.”

“ತೆಗಿ. ಈಗ್ಲೇ ತೆಗಿ.”

“ಮಾಡ್ಕೊಟ್ಟೋನು ಹೇಳಿದ್ದ. ಯಾರ ಮೇಲೆ ಕೂತಿದೆಯೋ ಅವರ ಮೇಲೆ ನನಗೆ ದ್ವೇಷ ಇರೋವಾಗ್ಲೇ ಅದನ್ನ ಕರೀಬೇಕಂತೆ. ಇಲ್ದಿದ್ರೆ ಅದಕ್ಕೆ ಕೇಳ್ಸೋದೇ ಇಲ್ಲವಂತೆ.” ಅವಳು ಬೊಂಬೆಯನ್ನು ಕೈಗೆತ್ತಿಕೊಂಡಳು. “ನೀವು ನನಗೆ ತಮ್ಮನ್ನ ಕೊಟ್ರಿ ಸಾರ್. ನಿಮ್ಮನ್ನ ಹೇಗೆ ದ್ವೇಷಿಸ್ಲಿ?”

ಮೂವತ್ತು ವರ್ಷ ಜಗಳ ಬಿಡಿಸಿದವನು ಜಗಳಕ್ಕೆ ನಿಂತ. ಮಾಟಗಾತಿ ಎಂದ. ಅವಳ ತಾಯಿಯನ್ನು ಬೈದ. ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಹರಿದ. ಮಷಿನ್ನನ್ನು ನೆಲಕ್ಕೆ ಕೆಡವಿದ. ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಸಿಟ್ಟು ಬರಲೆಂದು ಕಾದಳು.

“ಇನ್ನೂ ಬೈರಿ ಸಾರ್,” ಎಂದಳು ಅಳುತ್ತ. “ಬರ್ತಿಲ್ಲ. ಅಯ್ಯೋ ಪಾಪ ಅಂತಷ್ಟೇ ಅನ್ನಿಸ್ತಿದೆ.”

ಆ ರಾಜಿ ಇಂದಿಗೂ ಮುರಿದಿಲ್ಲ. ಅಕ್ಕನಿಗೆ ತಮ್ಮ ಸಿಕ್ಕ, ತಮ್ಮನಿಗೆ ಅವನ ಮನೆ ಸಿಕ್ಕಿತು. ರಾಜಿ ಮಾಡಿಸಿದವನ ಪಾಲಿಗೆ ಹೆಂಡತಿ ಹೋದಳು, ಮಗಳು ಹೋದಳು. ಅವರಿಬ್ಬರೂ ಬದುಕಿದ್ದಾರೆ, ಅದೇ ಮನೆಯಲ್ಲೇ ಇದ್ದಾರೆ.