ಸವಳು ನೆಲದಲ್ಲಿ ಹುಗಿದ ಡಬ್ಬಿ

೧೯೭೪ರ ಜೂನ್ ೧೮, ಮಧ್ಯಾಹ್ನ. ಅಣ್ಣಿಗೇರಿ ಠಾಣೆಗೆ ರೈತ ಹೊಳೆಪ್ಪ ಒಬ್ಬನೇ ನಡೆದು ಬಂದ. ತನ್ನ ಹೊಲ ಹಸನು ಮಾಡುತ್ತಿದ್ದ ಮಗಳು ಮಲ್ಲಕ್ಕ ಬಾಯಲ್ಲಿ ನೊರೆ ಬಂದು ಸತ್ತಿದ್ದಾಳೆ, ಗುಡಗೇರಿಯ ಅಳಿಯನೇ ವಿಷ ಹಾಕಿಸಿದ್ದಾನೆ ಎಂದು ದೂರು ಕೊಟ್ಟ.

"ಅಳಿಯಾನ ಮ್ಯಾಲೇ ಯಾಕ ಸಂಶೆ?" ಫೌಜದಾರ ಜಹೀರುದ್ದೀನ ಕೇಳಿದರು.

"ಎರಡನೇ ಲಗ್ನಾ ಆಗಿ ಆಕಿನ್ನ ಹೊರಗ ಹಾಕಿದಾಂವ ಅಂವನ ರೀ. ಮತ್ಯಾರು ಮಾಡ್ತಾರ?"

ಎಫ್‌ಐಆರ್ ದಾಖಲಾಯಿತು. ಆದರೆ ಅಳಿಯ ವಾರದಿಂದ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಊರಲ್ಲಿ ವಿಚಾರಿಸಿದ ಪೇದೆ ಶಂಕ್ರಪ್ಪ ಬೇರೆಯೇ ಸುದ್ದಿ ತಂದ.

"ಎರಡ ವರ್ಷದ ಹಿಂದ ಆಕಿ ಎಂಡ್ರಿನ್ ಕುಡ್ಯಾಕ ಹೋಗಿದ್ಲಂತ್ರಿ. ಅಪ್ಪ ಕಸಗೊಂಡನಂತ. ಇದೂ ಹಂಗ ಇರಬೇಕು."

ಎಂಡ್ರಿನ್ ಹತ್ತಿಯ ಕೀಟಕ್ಕೆ ಹೊಡೆಯುವ ಔಷಧ. ಆತ್ಮಹತ್ಯೆ ಎಂದು ಬರೆದು ಮುಗಿಸುವ ಮೊದಲು ಜಹೀರುದ್ದೀನ ಹುಬ್ಬಳ್ಳಿ ಆಸ್ಪತ್ರೆಗೆ ಹೋದರು. ಮಲ್ಲಕ್ಕನ ಜೊತೆ ಕೆಲಸಕ್ಕಿದ್ದ ಜುಲೇಖಾಬಿ ಅಲ್ಲಿ ಬದುಕಿಕೊಂಡಿದ್ದಳು.

"ಏನ್ ತಿಂದ್ರಿ?"

"ಬುತ್ತಿ ಇನ್ನೂ ಬಿಚ್ಚಿರ್ಲಿಲ್ರಿ. ಬಾವಿ ನೀರು ಕುಡದ್ವಿ. ಒಂದ ಗುಟುಕಿಗೆ ನನಗ ವಾಸನಿ ಬಂತು, ಉಳಿದದ್ದು ಉಗುಳಿದೆ. ಆಕಿ ಬಿಸಲಾಗ ದಣದಿದ್ಲು, ಗಟಗಟ ಕುಡದ್ಲು."

"ಸಾಯೂ ಮಾತೇನರ ಆಡಿದ್ಲೇನು?"

"ಇಲ್ಲ ಸಾಹೇಬ್ರ. ಸಂತಿಗೆ ಹೋಗಿ ಬಳಿ ಇಟ್ಕೊಳ್ಳೂಣು ಅಂದಿದ್ಲು."

ಮರುದಿನ ಪಂಚರೊಂದಿಗೆ ಹೊಲಕ್ಕೆ ಹೋದರು. ಹೊಳೆಪ್ಪನೂ ಬಂದಿದ್ದ. ಬಾವಿಯ ತಳದಲ್ಲಿದ್ದ ಒಂದಿಷ್ಟು ನೀರಿನ ಮೇಲೆ ಎಣ್ಣೆಯಂಥ ಪದರ, ಹೊಟ್ಟೆ ಮೇಲಾಗಿ ತೇಲುವ ಮೀನು. ಮೊದಲ ಮಳೆ ಬಿದ್ದಿತ್ತು. ಬಾವಿಯ ಗೋಡೆಯ ಬಿರುಕೊಂದರಿಂದ ಕಪ್ಪು ಕಲೆ ಇಳಿದಿತ್ತು. ಅದರ ನೇರಕ್ಕೆ ಮೇಲೆ, ಉಪ್ಪು ಬೆಳ್ಳಗೆ ಮೂಡಿದ ಸವಳು ನೆಲ.

"ಅಗೀರಿ," ಎಂದರು ಜಹೀರುದ್ದೀನ.

ಮೊಣಕಾಲುದ್ದ ಅಗೆದಾಗ ಸಲಿಕೆ ತಗಡಿಗೆ ತಾಗಿತು. ಸತು ಹೊದಿಸಿದ ಬಿಳಿ ತಗಡಿನ ಡಬ್ಬಿ. ಮೈಮೇಲೆಲ್ಲ ಬಿಳಿ ಪುಡಿ, ಅದರಡಿ ಕೆಂಪು ತುಕ್ಕು. ಶಂಕ್ರಪ್ಪ ಎತ್ತಿದ, ತಳ ಮಣ್ಣಿನಲ್ಲೇ ಉಳಿಯಿತು. ಎಂಡ್ರಿನ್ ವಾಸನೆಗೆ ಪಂಚರು ಹಿಂದೆ ಸರಿದರು.

ಹೊಳೆಪ್ಪ ಮಾತ್ರ ಕದಲಲಿಲ್ಲ. ತೂತು ಬಿದ್ದ ತಗಡಿನೊಳಗೆ ಬೆರಳು ಹಾಕಿ ನೋಡಿದ. ಆಮೇಲೆ ಅಲ್ಲೇ ಕುಳಿತ.

"ಅದು ನಂದ ರೀ."

ಜಹೀರುದ್ದೀನ ಅವನ ಎದುರು ಕುಳಿತರು.

"ಯಾವಾಗ ಹುಗದ್ರಿ?"

"ಆಕಿ ಕಡೆಯಿಂದ ಕಸಗೊಂಡ ಮರುದಿನ. ಮತ್ತ ಆಕಿ ಕೈಗೆ ಸಿಗಬಾರದಂತ. ಹೊಲದಾಗ ಸುರುವಿದ್ರ ದನಾ ಸಾಯ್ತಾವು. ಬಾವಿ ಬಾಜು ನೇಗಿಲಾ ತಾಗೂದಿಲ್ಲ. ಬಿಳಿ ತಗಡಿಗೆ ತುಕ್ಕ ಹಿಡಿಯೂದಿಲ್ಲ ಅಂದಿದ್ರು ಅಂಗಡ್ಯಾಗ."

"ಸವಳ ನೆಲದಾಗ ಅದೂ ಉಳಿಯೂದಿಲ್ಲ," ಜಹೀರುದ್ದೀನರ ದನಿ ಇಳಿದಿತ್ತು. "ಆಕಿ ಸತ್ತಾಗ ಇದರ ನೆನಪಾಗಲಿಲ್ಲೇನು?"

"ಆತ್ರಿ. ಡಬ್ಬಿ ಗಟ್ಟಿ ಐತಂತ ತಿಳದಿದ್ದೆ."

ಪಂಚನಾಮೆ ಮುಗಿಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದಲ್ಲಿ, ಐಪಿಸಿ ೩೦೪ಎ ಅಡಿ, ದೂರುದಾರನನ್ನೇ ದಸ್ತಗಿರಿ ಮಾಡಲಾಯಿತು. ಶಂಕ್ರಪ್ಪ ಬೇಡಿ ಹಾಕದೆ ರಟ್ಟೆ ಹಿಡಿದು ಜೀಪು ಹತ್ತಿಸಿದ.

ನೆರೆಯವರ ಹೇಳಿಕೆಗಳಿಂದ ಉಳಿದದ್ದು ತಿಳಿಯಿತು. ಎಂಡ್ರಿನ್ ಕಸಿದುಕೊಂಡ ದಿನದಿಂದ ಹೊಳೆಪ್ಪ ಮನೆಯ ಹಗ್ಗಗಳನ್ನೆಲ್ಲ ಬೇರೆಯವರ ಕೊಟ್ಟಿಗೆಯಲ್ಲಿಟ್ಟಿದ್ದ. ಮಗಳು ಮಲಗುವ ಕೋಣೆಯ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದ. ಈ ಬೇಸಿಗೆಯಲ್ಲಷ್ಟೇ, ಆಕೆ ಚೇತರಿಸಿಕೊಂಡಳೆಂದು, ತನ್ನ ಹಾಸಿಗೆಯನ್ನು ಅಂಗಳಕ್ಕೆ ತಂದಿದ್ದ.